ಗಂಟೆ ಮುಗಿದ ಲಾರಿ ಎಲ್ಲಿ ನಿಲ್ಲಬೇಕು?

ಬೆಳಿಗ್ಗೆ 6 ಗಂಟೆಗೆ ಡ್ಯೂಟಿ ಹತ್ತಿದ ಅಮೆರಿಕದ ಲಾರಿ ಚಾಲಕ ರಾತ್ರಿ 8ರ ನಂತರ ಲಾರಿ ಓಡಿಸುವ ಹಾಗಿಲ್ಲ. ನಡುವೆ ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ಗೋದಾಮಿನ ಮುಂದೆ ಕಾದು ಕೂತಿದ್ದ, ಊಟಕ್ಕೆ ಎಲ್ಲಿ ನಿಂತ ಎಂಬುದನ್ನು, ಒಂದೆರಡು ವಿನಾಯಿತಿ ಬಿಟ್ಟರೆ, ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲಸ ಶುರುವಾದ ಕ್ಷಣದಿಂದ 14 ಗಂಟೆಯ ಎಣಿಕೆ ನಡೆಯುತ್ತಲೇ ಇರುತ್ತದೆ. ಅದರೊಳಗೆ ಚಾಲನೆ ಹೆಚ್ಚೆಂದರೆ 11 ಗಂಟೆ. ಆಮೇಲೆ ಸತತ 10 ಗಂಟೆ ಬಿಡುವು ಪಡೆದ ಬಳಿಕವೇ ಮತ್ತೆ ಸ್ಟೀರಿಂಗ್ ಹಿಡಿಯಬಹುದು. ಒಟ್ಟು 8 ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆಯಾದರೂ ನಿಲ್ಲಿಸದೆ ಮುಂದುವರಿಯುವಂತಿಲ್ಲ. ಇದರ ಮೇಲೆ ವಾರದ ಲೆಕ್ಕ ಬೇರೆ: ವಾರದ ಏಳೂ ದಿನ ಲಾರಿ ಓಡಿಸುವ ಕಂಪನಿಯಾದರೆ 8 ದಿನಕ್ಕೆ 70 ಗಂಟೆ ಕೆಲಸ, ಇಲ್ಲದಿದ್ದರೆ 7 ದಿನಕ್ಕೆ 60. ಈ ವಾರದ ಲೆಕ್ಕವನ್ನು ಹೊಸದಾಗಿ ಶುರುಮಾಡಬೇಕೆಂದರೆ ಸತತ 34 ಗಂಟೆ ಕೆಲಸದಿಂದ ದೂರವಿರಬೇಕು.

ಈಗ ಸಂಜೆ 7.40. ಇಳಿಸಬೇಕಾದ ಊರು ಇನ್ನೂ 60 ಮೈಲಿ ದೂರವಿದೆ. ಉಳಿದಿರುವುದು 20 ನಿಮಿಷ. ಆ ಚಾಲಕ ಏನು ಮಾಡಬಹುದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಗಂಟೆಗೆ ಮಿತಿ ಹಾಕುವ ಕಾನೂನು ಬೇಕೇ ಬೇಕು. ನಿದ್ದೆಗೆಟ್ಟವನ ಕೈಯಲ್ಲಿ 36 ಟನ್ ತೂಕದ ಲಾರಿ ಇದ್ದರೆ ಅಪಾಯ ಅವನೊಬ್ಬನಿಗಲ್ಲ, ಅದೇ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿರುವ ಪ್ರತಿಯೊಬ್ಬರಿಗೂ. ಆದರೆ ಈ ಕಾನೂನು ಚಾಲಕನ ಸಮಯವನ್ನು ನಿಮಿಷ ಲೆಕ್ಕದಲ್ಲಿ ಅಳೆದು, ಆ ಸಮಯವನ್ನು ಹಾಳುಮಾಡುವವರನ್ನು ಅಳೆಯದೆ ಬಿಟ್ಟಿದೆ. ಗಂಟೆ ಮುಗಿದಾಗ ಅವನಿಗಿರುವ ದಾರಿಗಳು ಅಷ್ಟು ಇಕ್ಕಟ್ಟಾಗಿರುವುದು ಅದರಿಂದಲೇ.

ಅಮೆರಿಕದಲ್ಲಿ ಚಾಲಕರ ಗಂಟೆಗೆ ಮಿತಿ ಬಂದದ್ದು 1930ರ ದಶಕದಲ್ಲಿ. 1935ರ ಮೋಟಾರ್ ಕ್ಯಾರಿಯರ್ ಕಾಯ್ದೆ ಆ ಅಧಿಕಾರವನ್ನು ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ಕೊಟ್ಟಿತು. ನಂತರ ಹಲವು ದಶಕಗಳ ಕಾಲ ಇದ್ದ ನಿಯಮ 10 ಗಂಟೆ ಚಾಲನೆ, 8 ಗಂಟೆ ಬಿಡುವು. ಇದರಲ್ಲೊಂದು ದೋಷವಿತ್ತು. ಹತ್ತೂ ಎಂಟೂ ಸೇರಿದರೆ ಹದಿನೆಂಟು. ಇವತ್ತು ಬೆಳಿಗ್ಗೆ 6ಕ್ಕೆ ಹೊರಟವನು ನಡುರಾತ್ರಿ 12ಕ್ಕೆ ಮತ್ತೆ ಹೊರಡಬಹುದಿತ್ತು, ಮರುದಿನ ಸಂಜೆ 6ಕ್ಕೆ ಇನ್ನೊಮ್ಮೆ. ದೇಹಕ್ಕಿರುವ ಹಗಲು ರಾತ್ರಿಯ ಲೆಕ್ಕ ಮೂರೇ ದಿನದಲ್ಲಿ ಬುಡಮೇಲಾಗುತ್ತಿತ್ತು. 2004ರ ಜನವರಿಯಲ್ಲಿ ಜಾರಿಗೆ ಬಂದ ಈಗಿನ ಚೌಕಟ್ಟು 14 ಮತ್ತು 10ನ್ನು ಸೇರಿಸಿ 24 ಮಾಡಿತು. ಅದು ಒಳ್ಳೆಯದೇ. ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಹಳೆಯ ನಿಯಮದಲ್ಲಿ ನಡುವೆ ಬಿಡುವು ತೆಗೆದುಕೊಂಡರೆ ಡ್ಯೂಟಿಯ ಎಣಿಕೆ ನಿಲ್ಲುತ್ತಿತ್ತು. ಹೊಸ 14 ಗಂಟೆ ಒಮ್ಮೆ ಶುರುವಾದರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕಣ್ಣು ಎಳೆಯುತ್ತಿದೆ, ಎರಡು ಗಂಟೆ ಮಲಗಿ ಹೋಗೋಣ ಎಂದುಕೊಂಡ ಚಾಲಕ ಆ ಎರಡು ಗಂಟೆಯನ್ನು ಚಾಲನೆಯ ಅವಕಾಶದಿಂದಲೇ ಕಳೆದುಕೊಳ್ಳಬೇಕಾಯಿತು.

ಕಾಗದದ ಲಾಗ್ ಪುಸ್ತಕ ಇದ್ದ ಕಾಲದಲ್ಲಿ ಇದೆಲ್ಲ ಅಷ್ಟಾಗಿ ಬಿಗಿಯಾಗಿರಲಿಲ್ಲ. ಚಾಲಕರೇ ಆ ಪುಸ್ತಕವನ್ನು ಕಾಮಿಕ್ ಪುಸ್ತಕ ಎಂದು ಕರೆಯುತ್ತಿದ್ದರು, ಅದರಲ್ಲಿದ್ದ ಕಥೆಗಳು ಅಂಥವು. 2017ರ ಡಿಸೆಂಬರ್‌ನಿಂದ ಬಹುಪಾಲು ಲಾರಿಗಳಿಗೆ ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯವಾಯಿತು. ಯಂತ್ರ ಎಂಜಿನ್ನಿಗೇ ಜೋಡಣೆಯಾಗಿರುತ್ತದೆ. ಲಾರಿ ಗಂಟೆಗೆ 5 ಮೈಲಿ ವೇಗ ಮುಟ್ಟಿದರೆ ಸಾಕು, ಚಾಲನೆ ಎಂದು ತಾನಾಗಿಯೇ ಬರೆದುಕೊಳ್ಳುತ್ತದೆ. ಹಾಗೆ ದಾಖಲಾದ ಚಾಲನೆಯ ಸಮಯವನ್ನು ಚಾಲಕನೂ ಕಂಪನಿಯೂ ವಿಶ್ರಾಂತಿ ಎಂದು ತಿದ್ದುವಂತಿಲ್ಲ. ಯಾಕೆ ಓಡಿಸಬೇಕಾಯಿತು ಎಂಬ ಟಿಪ್ಪಣಿ ಮಾತ್ರ ಪಕ್ಕದಲ್ಲಿ ಬರೆಯಬಹುದು. ಸುಳ್ಳು ಲೆಕ್ಕ ನಿಂತದ್ದು ಒಳ್ಳೆಯದಾಯಿತು. ಆದರೆ ಆ ಸುಳ್ಳು ಮುಚ್ಚಿಟ್ಟಿದ್ದ ಸಂಗತಿ ಬಯಲಾಯಿತು: ದಿನದ ಹದಿನಾಲ್ಕು ಗಂಟೆಯಲ್ಲಿ ಎಷ್ಟೋ ಗಂಟೆ ಗೋದಾಮಿನ ಅಂಗಳದಲ್ಲೇ ಕರಗುತ್ತದೆ.

ಗೋದಾಮಿನಲ್ಲಿ ಲಾರಿಗೊಂದು ಸಮಯ ಕೊಟ್ಟಿರುತ್ತಾರೆ. ಚಾಲಕ ಆ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಡಾಕ್ ಖಾಲಿ ಇರುವುದಿಲ್ಲ, ಸರಕು ಸಿದ್ಧವಾಗಿರುವುದಿಲ್ಲ, ಪಾಳಿ ಬದಲಾಗುವ ಹೊತ್ತಾಗಿರುತ್ತದೆ. ಮೊದಲ ಎರಡು ಗಂಟೆ ಕಾಯುವುದಕ್ಕೆ ಸಾಮಾನ್ಯವಾಗಿ ಯಾರೂ ಹಣ ಕೊಡುವುದಿಲ್ಲ. ಅದು ಉದ್ಯಮದ ರೂಢಿ. ಅದರ ನಂತರ ಕಾಯುವ ಬಾಡಿಗೆ ಎಂದು ಒಂದಿಷ್ಟು ಬಂದರೂ ಅದು ಚಾಲಕನ ಕೈಗೆ ಪೂರ್ತಿ ಸೇರುತ್ತದೆಂಬ ಖಾತ್ರಿ ಇಲ್ಲ. ದೂರದ ಓಟದ ಬಹಳಷ್ಟು ಚಾಲಕರಿಗೆ ಸಂಬಳ ಮೈಲಿ ಲೆಕ್ಕದಲ್ಲಿ. ಚಕ್ರ ಉರುಳದಿದ್ದರೆ ದುಡ್ಡಿಲ್ಲ. ಅಂತರರಾಜ್ಯ ಸಾಗಣೆಯ ಚಾಲಕರನ್ನು ಅಲ್ಲಿನ 1938ರ ಕಾರ್ಮಿಕ ಕಾಯ್ದೆ ಓವರ್‌ಟೈಮಿನ ಹಕ್ಕಿನಿಂದಲೇ ಹೊರಗಿಟ್ಟಿದೆ. ಹೀಗಾಗಿ ಅವನನ್ನು ಐದು ಗಂಟೆ ಕಾಯಿಸಿದ ಗೋದಾಮಿಗೆ ಆಗುವ ನಷ್ಟ ತೀರಾ ಕಡಿಮೆ, ಅವನಿಗೆ ಆಗುವ ನಷ್ಟ ಇಡೀ ದಿನ.

ಇದು ಬರೀ ಹಣದ ಮಾತಲ್ಲ. ಅಮೆರಿಕದ ಸಾರಿಗೆ ಇಲಾಖೆಯ ಮಹಾತಪಾಸಕರ ಕಚೇರಿ 2018ರಲ್ಲಿ ಒಂದು ಅಂದಾಜು ಕೊಟ್ಟಿತು: ಗೋದಾಮಿನಲ್ಲಿ ಲಾರಿ ತಂಗುವ ಸರಾಸರಿ ಸಮಯ 15 ನಿಮಿಷ ಹೆಚ್ಚಾದರೆ ಅಪಘಾತದ ನಿರೀಕ್ಷಿತ ಪ್ರಮಾಣ ಶೇ 6.2ರಷ್ಟು ಏರುತ್ತದೆ. ಹೊರಬಂದ ಚಾಲಕ ಕಳೆದುಹೋದ ಹೊತ್ತನ್ನು ರಸ್ತೆಯ ಮೇಲೆ ಹುಡುಕುತ್ತಾನೆ. ವೇಗ ಹೆಚ್ಚುತ್ತದೆ, ವಿಶ್ರಾಂತಿ ಕಡಿಮೆಯಾಗುತ್ತದೆ.

ಇನ್ನು ಅವನಿಗಿರುವ ದಾರಿಗಳಿಗೆ ಬರೋಣ. ಇವುಗಳಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು, ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದೂ ಆದದ್ದು, ವಿಶ್ರಾಂತಿಯನ್ನು ಎರಡು ತುಂಡು ಮಾಡುವ ಅವಕಾಶ. 10 ಗಂಟೆಯನ್ನು ಒಂದೇ ಸಲ ತೆಗೆದುಕೊಳ್ಳುವ ಬದಲು ಒಂದು ತುಂಡು ಕನಿಷ್ಠ 7 ಗಂಟೆ, ಇನ್ನೊಂದು ಕನಿಷ್ಠ 2 ಗಂಟೆ, ಎರಡೂ ಸೇರಿ 10ಕ್ಕೆ ಕಡಿಮೆಯಾಗದಂತೆ ತೆಗೆದುಕೊಳ್ಳಬಹುದು. ದೊಡ್ಡ ತುಂಡನ್ನು ಕ್ಯಾಬಿನ್ನಿನ ಹಿಂದಿರುವ ಮಲಗುವ ಬರ್ತಿನಲ್ಲೇ ಕಳೆಯಬೇಕು. 2020ರ ಸೆಪ್ಟೆಂಬರ್ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಈ ಎರಡೂ ತುಂಡುಗಳು 14 ಗಂಟೆಯ ಎಣಿಕೆಯಿಂದ ಹೊರಗುಳಿಯುತ್ತವೆ.

ನಮ್ಮ ಚಾಲಕನ ದಿನವನ್ನೇ ತೆಗೆದುಕೊಳ್ಳಿ. 6ರಿಂದ 9ರವರೆಗೆ ಮೂರು ಗಂಟೆ ಓಡಿಸಿದ. 9ರಿಂದ ಮಧ್ಯಾಹ್ನ 2ರವರೆಗೆ ಗೋದಾಮಿನಲ್ಲಿ ಕಾದ. ಅವನಿಗೆ ಇನ್ನೂ 8 ಗಂಟೆಯ ಚಾಲನೆ ಬಾಕಿ ಇದೆ, ಆದರೆ ಅವನ 14 ಗಂಟೆ ರಾತ್ರಿ 8ಕ್ಕೇ ಮುಗಿಯುತ್ತದೆ. ಸಿಗುವುದು ಆರೇ ಗಂಟೆ. ಆ ಐದು ಗಂಟೆಯನ್ನು ಅವನು ಬರ್ತಿನಲ್ಲಿ ಮಲಗಿ ಕಳೆದಿದ್ದರೆ, ಅಥವಾ ಲಾರಿಯ ಹೊಣೆಯಿಂದ ಪೂರ್ತಿ ಬಿಡುಗಡೆ ಪಡೆದು ಡ್ಯೂಟಿಯಿಂದ ಹೊರಗೆಂದು ದಾಖಲಿಸಿದ್ದರೆ, ಆ ಐದು ಗಂಟೆ ಎಣಿಕೆಗೆ ಬರುವುದಿಲ್ಲ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಓಡಿಸಿ, ನಂತರ ಬರ್ತಿನಲ್ಲಿ 7 ಗಂಟೆ ಮಲಗಬಹುದು. 60 ಮೈಲಿ ದೂರದ ಊರು ಸುಲಭವಾಗಿ ಸಿಗುತ್ತದೆ.

ಆದರೆ ಬೆಳಿಗ್ಗೆ 5ಕ್ಕೆ ಎದ್ದಾಗ ಅವನಿಗೆ ಹೊಸ 11 ಗಂಟೆ ಸಿಕ್ಕಿರುವುದಿಲ್ಲ. ಮೊದಲ ತುಂಡು ಮುಗಿದ ಮಧ್ಯಾಹ್ನ 2ರಿಂದ ಲೆಕ್ಕ ಹಿಡಿಯಬೇಕು. ಆಗಿನಿಂದ 8 ಗಂಟೆ ಓಡಿಸಿಯಾಗಿದೆ, ಉಳಿದದ್ದು ಮೂರೇ ಗಂಟೆ. ಬೆಳಿಗ್ಗೆ 8ರವರೆಗೆ ಮಲಗಿ 10 ಗಂಟೆ ತುಂಬಿಸಿದರೆ ಮಾತ್ರ ಎಲ್ಲ ಹೊಸದು. ಈ ವಿನಾಯಿತಿ ಗಂಟೆಗಳನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಆಚೀಚೆ ಸರಿಸುತ್ತದೆ ಅಷ್ಟೇ. ಇನ್ನೊಂದು ತೊಡಕೂ ಇದೆ. ಸಾಲಿನಲ್ಲಿರುವ ಲಾರಿಯನ್ನು ಮುಂದಕ್ಕೆ ಸರಿಸು ಎಂದು ಅರ್ಧ ಗಂಟೆಗೊಮ್ಮೆ ಗೋದಾಮಿನವರು ಎಬ್ಬಿಸಿದರೆ ಆ ಐದು ಗಂಟೆ ವಿಶ್ರಾಂತಿಯೇ ಅಲ್ಲ. ಕಾಯುವ ಹೊತ್ತು ಉಪಯೋಗಕ್ಕೆ ಬರಬೇಕೋ ಬೇಡವೋ ಎಂಬುದೂ ಗೋದಾಮಿನವರ ಕೈಯಲ್ಲೇ ಇದೆ ಎಂದಾಯಿತು.

ಎರಡನೆಯದು ಪ್ರತಿಕೂಲ ಪರಿಸ್ಥಿತಿಯ ವಿನಾಯಿತಿ. ಹೊರಡುವಾಗ ಗೊತ್ತಿರದ, ಗೊತ್ತಾಗುವಂತೆಯೂ ಇರದ ಹಿಮ, ಮಂಜು, ಅಪಘಾತದಿಂದ ಮುಚ್ಚಿದ ರಸ್ತೆ ಎದುರಾದರೆ ಚಾಲನೆಗೂ 14 ಗಂಟೆಗೂ ಎರಡೆರಡು ಗಂಟೆ ಹೆಚ್ಚು ಸಿಗುತ್ತದೆ. ಷಿಕಾಗೋದಲ್ಲಿ ಸಂಜೆ ಐದಕ್ಕೆ ಸಿಗುವ ದಟ್ಟಣೆ ಇದರಲ್ಲಿ ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವುದೇ. ಗೋದಾಮಿನ ವಿಳಂಬವೂ ಬರುವುದಿಲ್ಲ. ದಿನವೂ ಹೊರಟ ಜಾಗಕ್ಕೇ ಮರಳುವ ಹತ್ತಿರದ ಓಟದವರಿಗೆ ವಾರಕ್ಕೊಮ್ಮೆ 16 ಗಂಟೆಯ ಅವಕಾಶವಿದೆ, ಚಾಲನೆ ಮಾತ್ರ 11ನ್ನು ಮೀರಬಾರದು. ಚಂಡಮಾರುತ, ನೆರೆ ಬಂದಾಗ ಪರಿಹಾರ ಸಾಮಗ್ರಿ ಹೊತ್ತವರಿಗೆ ಸರ್ಕಾರ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲಿಸುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಇಡೀ ದೇಶಕ್ಕೇ ಹಾಗೆ ಸಡಿಲಿಸಿದ್ದರು.

ಇವೆಲ್ಲ ಗಂಟೆ ಮುಗಿಯುವ ಮೊದಲಿನ ಮಾತು. ಪೂರ್ತಿ ಮುಗಿದೇ ಹೋಗಿದ್ದರೆ? ಕಂಪನಿಗೆ ತಿಳಿಸಿ ಇನ್ನೊಬ್ಬ ಚಾಲಕನನ್ನು ಕರೆಸಬಹುದು, ಟ್ರೈಲರನ್ನು ಬೇರೆ ಲಾರಿಗೆ ಕೊಂಡಿ ಬದಲಿಸಿ ಕಳಿಸಬಹುದು. ದೊಡ್ಡ ಕಂಪನಿಗಳಿಗೆ ಇದು ಸಾಧ್ಯ, ಒಂದೇ ಲಾರಿ ಇಟ್ಟುಕೊಂಡವನಿಗೆ ಅಲ್ಲ. ಅವನಿಗೆ ಉಳಿಯುವುದು ಖಾಸಗಿ ಓಡಾಟ ಎಂಬ ದಾಖಲೆ. ಡ್ಯೂಟಿಯಲ್ಲಿಲ್ಲದ ಚಾಲಕ ಊಟಕ್ಕೋ ವಸತಿಗೋ ಲಾರಿಯಲ್ಲೇ ಹೋಗಿ ಬರುವುದನ್ನು ಅಲ್ಲಿನ ಕಾನೂನು ಕೆಲಸವೆಂದು ಎಣಿಸುವುದಿಲ್ಲ. 2018ರಲ್ಲಿ ಅಲ್ಲಿನ ಕೇಂದ್ರ ಸಾರಿಗೆ ಸುರಕ್ಷಾ ಸಂಸ್ಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಸರಕು ತುಂಬುವಾಗಲೋ ಇಳಿಸುವಾಗಲೋ ಗಂಟೆ ಮುಗಿದುಹೋಗಿ, ಅಲ್ಲಿ ನಿಲ್ಲಲು ಬಿಡದಿದ್ದರೆ, ಹತ್ತಿರದ ಸುರಕ್ಷಿತ ಜಾಗದವರೆಗೆ, ಸರಕು ತುಂಬಿದ್ದರೂ, ಹೀಗೆ ಹೋಗಬಹುದು. ಹತ್ತಿರದ ಜಾಗ ಬಿಟ್ಟು ಮುಂದಿನ ಊರಿಗೆ ಸಮೀಪವಾಗುವ ಜಾಗ ಆರಿಸಿಕೊಂಡರೆ ಅದು ಉಲ್ಲಂಘನೆ. ಇದನ್ನು ಒಪ್ಪದ ಕಂಪನಿಗಳೂ ಇವೆ, ಕಂಪನಿಗೆ ಆ ಅಧಿಕಾರವಿದೆ. ವಿಶ್ರಾಂತಿಯಲ್ಲಿದ್ದಾಗ ಪೊಲೀಸರು ಬಂದು ಲಾರಿ ತೆಗೆ ಎಂದರೆ ತೆಗೆಯುವುದಕ್ಕೂ ಇದೇ ದಾಖಲೆ ಸಲ್ಲುತ್ತದೆ.

ನಮ್ಮ ಚಾಲಕನ 7.40ಕ್ಕೆ ಇದು ಉತ್ತರವಲ್ಲ, ಅವನು ಹೆದ್ದಾರಿಯಲ್ಲಿದ್ದಾನೆ. ಅವನು ಮಾಡಬೇಕಾದದ್ದು ಆ ಇಪ್ಪತ್ತು ನಿಮಿಷದೊಳಗೆ ಲಾರಿ ನಿಲ್ಲಿಸುವ ಜಾಗ ಹುಡುಕುವುದು. ಮುಂಜಾನೆ ಹೊರಡುವಾಗಲೇ ಎಲ್ಲಿ ನಿಲ್ಲಬೇಕೆಂದು ಮೂರು ಜಾಗ ಗುರುತಿಟ್ಟುಕೊಂಡಿರುವ ಅನುಭವಸ್ಥರು ಕಡೆಯ ಒಂದೂವರೆ ಗಂಟೆಯನ್ನು ಓಡಿಸದೆಯೇ ಬಿಡುತ್ತಾರೆ, ಯಾಕೆಂದರೆ ಸಂಜೆ ಏಳರ ಹೊತ್ತಿಗೆ ಟ್ರಕ್ ತಾಣಗಳು ತುಂಬಿರುತ್ತವೆ. ಜಾಗವೇ ಸಿಗದೆ ಗಂಟೆ ಮುಗಿದರೆ ಅವನೆದುರು ಎರಡೇ ಆಯ್ಕೆ. ಹೆದ್ದಾರಿಯ ಅಂಚಿನಲ್ಲೋ ರ‍್ಯಾಂಪಿನ ಮೇಲೋ ನಿಲ್ಲಿಸಿ ಜೀವ ಪಣಕ್ಕಿಡುವುದು, ಇಲ್ಲವೇ ಮುಂದಿನ ಸುರಕ್ಷಿತ ಜಾಗದವರೆಗೆ ಓಡಿಸಿ ಕಾರಣವನ್ನು ಯಂತ್ರದಲ್ಲಿ ಪ್ರಾಮಾಣಿಕವಾಗಿ ಬರೆದಿಡುವುದು. ಎರಡನೆಯದು ಉಲ್ಲಂಘನೆಯೇ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಾಖಲಾಗಬಹುದು, ದಂಡವಾಗಬಹುದು, ವಿಶ್ರಾಂತಿ ಮುಗಿಯುವವರೆಗೆ ಅಲ್ಲೇ ನಿಲ್ಲಿಸಿಯೂ ಬಿಡಬಹುದು. ಆದರೂ ಕತ್ತಲಲ್ಲಿ ರಸ್ತೆಯಂಚಿನಲ್ಲಿ ನಿಂತ ಲಾರಿಗೆ ಹಿಂದಿನಿಂದ ಕಾರು ಬಂದು ಗುದ್ದುವ ಸಾಧ್ಯತೆಗಿಂತ ದಂಡ ವಾಸಿ ಎಂದೇ ನಾನು ಹೇಳುತ್ತೇನೆ. ಯೂರೋಪಿನ ಒಕ್ಕೂಟ ಇದನ್ನು ಕಾನೂನಿನಲ್ಲೇ ಬರೆದಿದೆ. ಅಲ್ಲಿ ಮಿತಿ ಇನ್ನೂ ಬಿಗಿ: ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ, ದಿನಕ್ಕೆ 9 ಗಂಟೆ, ವಾರಕ್ಕೆ ಎರಡು ದಿನ ಮಾತ್ರ 10. ಆದರೆ ನಿಲ್ಲಲು ಯೋಗ್ಯವಾದ ಜಾಗ ತಲುಪುವುದಕ್ಕೆ, ರಸ್ತೆ ಸುರಕ್ಷತೆಗೆ ಧಕ್ಕೆ ಬಾರದಂತೆ, ಚಾಲಕ ಮಿತಿ ಮೀರಬಹುದು. ಕಾರಣವನ್ನು ಕೈಯಿಂದ ಬರೆದಿಟ್ಟರೆ ಸಾಕು. ಚಾಲಕನ ವಿವೇಚನೆಯನ್ನು ನಂಬುವ ಈ ಒಂದು ಸಾಲು ಅಮೆರಿಕದ ನಿಯಮದಲ್ಲೂ ಇರಬೇಕಿತ್ತು.

ಜಾಗದ ಕೊರತೆ ಎಷ್ಟು ಕ್ರೂರವಾಗಿ ಪರಿಣಮಿಸಬಹುದು ಎಂಬುದಕ್ಕೆ ಅಮೆರಿಕದ ಒಂದು ಕಾನೂನಿಗೆ ಇಟ್ಟ ಹೆಸರೇ ಸಾಕ್ಷಿ. 2009ರ ಮಾರ್ಚ್‌ನಲ್ಲಿ ಹಾಲು ಸಾಗಿಸುತ್ತಿದ್ದ ಜೇಸನ್ ರಿವೆನ್‌ಬರ್ಗ್ ಎಂಬ ಚಾಲಕ ದಕ್ಷಿಣ ಕೆರೊಲಿನಾದಲ್ಲಿ ಇಳಿಸುವ ಜಾಗಕ್ಕೆ ಬೇಗ ತಲುಪಿದ. ಅಲ್ಲಿ ಕಾಯಲು ಅವಕಾಶವಿರಲಿಲ್ಲ. ಸಮೀಪದ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಲಾರಿ ನಿಲ್ಲಿಸಿ ಮಲಗಿದ. ದರೋಡೆಕೋರನೊಬ್ಬ ಗುಂಡಿಟ್ಟು ಕೊಂದ. ಸಿಕ್ಕಿದ್ದು 7 ಡಾಲರ್. ಆಗ ಅವನ ಹೆಂಡತಿ ಅವಳಿ ಮಕ್ಕಳ ಬಸುರಿ. ಆಕೆ ವರ್ಷಗಟ್ಟಲೆ ಹೋರಾಡಿದ ಫಲವಾಗಿ 2012ರ ಸಾರಿಗೆ ಕಾಯ್ದೆಯಲ್ಲಿ ಜೇಸನ್ ಕಾನೂನು ಸೇರಿತು. ಲಾರಿ ನಿಲ್ದಾಣಗಳಿಗೆ ಕೇಂದ್ರದ ಹಣ ಬಳಸಲು ಅದು ದಾರಿ ಮಾಡಿತು, ಕೊರತೆಯ ಸಮೀಕ್ಷೆ ನಡೆಸಬೇಕೆಂದಿತು. 2019ರ ಸಮೀಕ್ಷೆಯಲ್ಲಿ ದೇಶದಾದ್ಯಂತ ಸಿಕ್ಕಿದ್ದು ಸುಮಾರು 3.13 ಲಕ್ಷ ಜಾಗ. ಅದರಲ್ಲಿ ಸಾರ್ವಜನಿಕ ವಿಶ್ರಾಂತಿ ತಾಣಗಳಲ್ಲಿದ್ದದ್ದು ಸುಮಾರು 40 ಸಾವಿರ ಮಾತ್ರ. ಸುರಕ್ಷಿತ ಜಾಗ ಹುಡುಕುವುದು ಕಷ್ಟ ಎಂದು ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ಚಾಲಕರೂ ಹೇಳಿದರು. ನಿಲ್ಲು ಎಂದು ಆಜ್ಞೆ ಮಾಡುವ ಸರ್ಕಾರ ನಿಲ್ಲುವ ಜಾಗವನ್ನೂ ಕೊಡಬೇಕಲ್ಲವೇ? ಎಲೆಕ್ಟ್ರಾನಿಕ್ ಲಾಗ್ ಯಂತ್ರವನ್ನು ಕಡ್ಡಾಯ ಮಾಡುವಾಗಲೇ ಈ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕಿತ್ತು.

ಉಳಿದದ್ದು ಒಲ್ಲೆ ಎನ್ನುವ ಹಕ್ಕು. ಚಾಲಕರಿಗೆ ಇದು ಇರುವುದೇ ಬಹಳ ಸಲ ಗೊತ್ತಿರುವುದಿಲ್ಲ. 2016ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಗಂಟೆ ಮೀರಿ ಓಡಿಸು ಎಂದು ಚಾಲಕನನ್ನು ಬೆದರಿಸುವುದು ಅಪರಾಧ. ಈ ನಿಯಮ ಲಾರಿ ಕಂಪನಿಗಷ್ಟೇ ಅಲ್ಲ, ಸರಕು ಕಳಿಸುವವರಿಗೆ, ಪಡೆಯುವವರಿಗೆ, ನಡುವಿನ ದಲ್ಲಾಳಿಗೂ ಅನ್ವಯಿಸುತ್ತದೆ. ಚಾಲಕ ಮಾಡಬೇಕಾದದ್ದು ಇಷ್ಟು: ಓಡಿಸಿದರೆ ಇಂಥ ನಿಯಮ ಮುರಿದಂತಾಗುತ್ತದೆ ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು, ಫೋನಿನಲ್ಲಿ ಮಾತಾಡುವುದಕ್ಕಿಂತ ಸಂದೇಶದಲ್ಲಿ ಬರೆದು ಕಳಿಸುವುದು ಮೇಲು. 90 ದಿನದೊಳಗೆ ಸಾರಿಗೆ ಸುರಕ್ಷಾ ಸಂಸ್ಥೆಗೆ ದೂರು ಕೊಡಬಹುದು. ಕೆಲಸದಿಂದ ತೆಗೆದರೆ, ಸಂಬಳ ಕಡಿತ ಮಾಡಿದರೆ, 180 ದಿನದೊಳಗೆ ಕಾರ್ಮಿಕ ಇಲಾಖೆಗೆ. ಕಾಗದದ ಮೇಲೆ ಇದು ಗಟ್ಟಿ ಹಕ್ಕು. ಆದರೆ ಗೋದಾಮಿನವರು ಬೆದರಿಸುವುದೇ ಬೇಕಿಲ್ಲ, ಸುಮ್ಮನೆ ತಡಮಾಡಿದರೆ ಸಾಕು. ತಡಮಾಡುವುದು ಬೆದರಿಕೆಯಲ್ಲ. ಅದಕ್ಕೆ ಯಾವ ದೂರೂ ಇಲ್ಲ.

ಗಂಟೆ ಉಳಿದಿದ್ದರೂ ಓಡಿಸಬಾರದ ಸಂದರ್ಭವಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. 2014ರ ಜೂನ್‌ನಲ್ಲಿ ನ್ಯೂಜೆರ್ಸಿ ಹೆದ್ದಾರಿಯಲ್ಲಿ ಲಾರಿಯೊಂದು ವ್ಯಾನಿಗೆ ಗುದ್ದಿ ಹಾಸ್ಯ ಕಲಾವಿದ ಜೇಮ್ಸ್ ಮೆಕ್‌ನೇರ್ ಸತ್ತರು, ನಟ ಟ್ರೇಸಿ ಮಾರ್ಗನ್ ತೀವ್ರವಾಗಿ ಗಾಯಗೊಂಡರು. ಲಾರಿ ಚಾಲಕನ 14 ಗಂಟೆ ಇನ್ನೂ ಮುಗಿದಿರಲಿಲ್ಲ. ಆದರೆ ಅವನು ಡ್ಯೂಟಿಗೆ ಬರುವ ಮೊದಲೇ ಜಾರ್ಜಿಯಾದ ಮನೆಯಿಂದ ಡೆಲವೇರ್‌ವರೆಗೆ ಸ್ವಂತ ವಾಹನದಲ್ಲಿ ರಾತ್ರಿಯಿಡೀ ಓಡಿಸಿಕೊಂಡು ಬಂದಿದ್ದ. 28 ಗಂಟೆ ಎಚ್ಚರವಾಗಿದ್ದ ಎಂದು ತನಿಖೆ ನಡೆಸಿದ ಮಂಡಳಿ ಹೇಳಿತು. ಲಾಗಿನ ಯಂತ್ರ ಲಾರಿಯ ಚಕ್ರವನ್ನು ಅಳೆಯುತ್ತದೆ, ನಿದ್ದೆಯನ್ನು ಅಳೆಯುವುದಿಲ್ಲ. ದಣಿದಿದ್ದರೆ ಓಡಿಸಬಾರದೆಂಬ ಪ್ರತ್ಯೇಕ ನಿಯಮ ಅಲ್ಲಿ ಇದೆ. ಅದನ್ನು ಪಾಲಿಸಿ ಲಾರಿ ನಿಲ್ಲಿಸಿದ ಚಾಲಕನಿಗೆ ಆ ದಿನದ ಮೈಲಿ ದುಡ್ಡು ಮಾತ್ರ ಇಲ್ಲ.

ನಮ್ಮಲ್ಲೂ ಗಂಟೆಗೆ ಮಿತಿ ಹಾಕುವ ಕಾನೂನು ಹಳೆಯದೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಎಂದಿತು. ದೂರದ ಮಾರ್ಗಗಳಿಗೆ ಅನುಮತಿಯ ಮೇಲೆ 10 ಮತ್ತು 54. ಐದು ಗಂಟೆ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಆ ಮಿತಿಯನ್ನೇ ಎತ್ತಿಹಿಡಿಯಿತು. ಆದರೆ 1961ರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗಷ್ಟೇ ಅನ್ವಯಿಸುತ್ತಿತ್ತು. ಒಂದೋ ಎರಡೋ ಲಾರಿ ಇಟ್ಟುಕೊಂಡ ಮಾಲೀಕರೇ ತುಂಬಿರುವ ನಮ್ಮ ಉದ್ಯಮದಲ್ಲಿ ಎಷ್ಟೋ ಚಾಲಕರು ಅದರ ಹೊರಗೇ ಉಳಿದರು. ಒಳಗಿದ್ದವರಿಗೂ ಗಂಟೆ ಮುಗಿಯಿತೆಂದು ಹೇಳುವವರಿರಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಚಿತ್ರದುರ್ಗದ ಆಚೆ ಈಚೆ ಬೆಳಗಿನ ಜಾವ ನಿಂತ ಲಾರಿಗೆ ಹಿಂದಿನಿಂದ ವಾಹನ ಗುದ್ದಿದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಆ ಲಾರಿ ಅಲ್ಲಿ ಯಾಕೆ ನಿಂತಿತ್ತು, ಅದರ ಚಾಲಕ ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದ ಎಂಬುದು ಸುದ್ದಿಯಲ್ಲಿ ಇರುವುದಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ವಿಮಾನ ಚಾಲಕರಿಗೆ ಇರುವಂತೆ ಲಾರಿ ಚಾಲಕರಿಗೂ ಗಂಟೆ ನಿಗದಿಯಾಗಬೇಕು ಎಂದರು. 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಮೇ ತಿಂಗಳಲ್ಲಿ ರಾಯಚೂರಿನ ಕಡೆ ಲಾರಿ ಓಡಿಸಿದವರಿಗೆ ಇದರ ಬೆಲೆ ಗೊತ್ತು. ಗಂಟೆ ಅಳೆಯುವ ಯಂತ್ರವೂ ಒಂದು ದಿನ ಬರಬಹುದು. ಬರಲಿ. ಆದರೆ ಅದನ್ನು ಲಾರಿಗೆ ಹಾಕುವ ಮೊದಲು ಗೋದಾಮುಗಳ ಗೇಟಿನಲ್ಲಿ, ಎಪಿಎಂಸಿ ಯಾರ್ಡುಗಳಲ್ಲಿ, ಸಿಮೆಂಟು ಮತ್ತು ಸಕ್ಕರೆ ಕಾರ್ಖಾನೆಗಳ ಬಾಗಿಲಲ್ಲಿ ಲಾರಿ ಒಳಬಂದ ಹೊತ್ತು, ಹೊರಬಿದ್ದ ಹೊತ್ತು ಎರಡೂ ದಾಖಲಾಗಬೇಕು. ಎರಡು ಗಂಟೆ ಮೀರಿದ ಪ್ರತಿ ಗಂಟೆಗೂ ಚಾಲಕನ ಖಾತೆಗೇ ನೇರವಾಗಿ ದುಡ್ಡು ಬೀಳುವಂತಾಗಬೇಕು. ರಾಜ್ಯ ಸರ್ಕಾರದ್ದೇ ಆದ ದೇವರಾಜ ಅರಸು ಟ್ರಕ್ ಟರ್ಮಿನಲ್ ಸಂಸ್ಥೆ ಇದೆ, ಯಶವಂತಪುರದಲ್ಲಿ ಅದರ ಟರ್ಮಿನಲ್ ಇದೆ. ಅಂಥ ಜಾಗ ಬೆಂಗಳೂರಿನಲ್ಲಿದ್ದರೆ ಸಾಲದು, ಹೆದ್ದಾರಿಯ ಉದ್ದಕ್ಕೂ ಒಂದೆರಡು ಗಂಟೆಯ ಓಟಕ್ಕೊಂದರಂತೆ ಬೇಕು. ಅಲ್ಲಿ ದೀಪ, ನೀರು, ಶೌಚಾಲಯ, ಕಾವಲು ಇರಬೇಕು, ಮಲಗಿದ ಚಾಲಕನ ಡೀಸೆಲ್ ಕಳುವಾಗಬಾರದು.